ಆ್ಯಪ್ ಹಾಕಿಕೊಳ್ಳುವ ಮುನ್ನ

ಗೋವಾದ ಸಡಾದಲ್ಲಿ, ಕೆಳಗಿನ ಮುರಗಾಂವ್ ಬಂದರಿನಲ್ಲಿ, ವಾಸ್ಕೋದಲ್ಲಿ ದುಡಿಯುತ್ತಿರುವ ನಮ್ಮವರೇ, ಊರಿಗೆ ಹಣ ಕಳಿಸುವುದೂ ಮಕ್ಕಳ ಮುಖ ನೋಡುವುದೂ ನಿಮಗೆ ಮೊಬೈಲಿನಲ್ಲೇ. ಹಾಗಿದ್ದೂ ಯಾರೋ ಕಳಿಸಿದ ಲಿಂಕ್ ಒತ್ತಿ, ಕೇಳಿದ್ದಕ್ಕೆಲ್ಲ 'ಅನುಮತಿಸು' ಎನ್ನುವುದು ತಪ್ಪು.

ಟಾರ್ಚ್ ಆ್ಯಪ್‌ಗೆ ನಿಮ್ಮ ಸಂಪರ್ಕ ಪಟ್ಟಿ ಏಕೆ ಬೇಕು? ಸಾಲದ ಆ್ಯಪ್‌ಗಳು ಸಂಪರ್ಕ ಪಟ್ಟಿ, ಫೋಟೊ, ಕರೆ ವಿವರ ನೋಡಕೂಡದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಕೇಳಿದರೆ ಆ ಆ್ಯಪನ್ನೇ ತೆಗೆದುಹಾಕಿ.

ಹಾಗಾದರೆ ಯಾವುದನ್ನು ಹಾಕಿಕೊಳ್ಳುವುದು? ಮುಕ್ತ ತಂತ್ರಾಂಶ ಒಂದು ದಾರಿ. ಅದರ ಒಳಗಿನ ಕೋಡ್ ಎಲ್ಲರ ಕಣ್ಣಿಗೂ ತೆರೆದಿರುತ್ತದೆ, ಬಲ್ಲವರು ಪರೀಕ್ಷಿಸಬಹುದು. ಇಂಥವುಗಳಲ್ಲಿ ಮಾತುಕತೆಗೆ ಸಿಗ್ನಲ್, ವಿಡಿಯೊಗೆ ವಿಎಲ್‌ಸಿ, ಇಂಟರ್ನೆಟ್ ಇಲ್ಲದಾಗಲೂ ದಾರಿ ತೋರುವ ಆರ್ಗ್ಯಾನಿಕ್ ಮ್ಯಾಪ್ಸ್ ಇವೆ. ಕೀಬೋರ್ಡ್ ಆಯ್ಕೆಯಲ್ಲಿ ಇನ್ನಷ್ಟು ಎಚ್ಚರವಿರಲಿ, ನೀವು ಒತ್ತುವ ಪ್ರತಿ ಅಕ್ಷರವೂ ಅದರ ಮೂಲಕವೇ ಹೋಗುತ್ತದೆ. ಆಂಡ್ರಾಯ್ಡ್‌ನಲ್ಲಿ ಎಫ್-ಡ್ರಾಯ್ಡ್ ಎಂಬ ಭಂಡಾರ ಮುಕ್ತ ಆ್ಯಪ್‌ಗಳನ್ನಷ್ಟೇ ಇಡುತ್ತದೆ. ಬಳಕೆದಾರರ ಜಾಡು ಹಿಡಿಯುವಂಥವಕ್ಕೆ ಎಚ್ಚರಿಕೆಯ ಗುರುತನ್ನೂ ಹಾಕುತ್ತದೆ.

ಆದರೆ 'ಮುಕ್ತ' ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ನಂಬಬೇಡಿ. ಕೊನೆಯ ಅಪ್‌ಡೇಟ್ ಯಾವಾಗ ಬಂತು, ನೋಡಿ. ವರ್ಷಗಟ್ಟಲೆ ಅಪ್‌ಡೇಟ್ ಇಲ್ಲದ್ದು ಬೇಡ. ಬ್ಯಾಂಕ್, ಯುಪಿಐ ಆ್ಯಪ್‌ಗಳನ್ನು ಅಧಿಕೃತ ಸ್ಟೋರ್‌ನಿಂದಲೇ ಪಡೆಯಿರಿ. ವಾಟ್ಸಾಪ್‌ನಲ್ಲಿ ಬಂದ ಎಪಿಕೆ (ಆ್ಯಪ್ ಅಳವಡಿಸುವ) ಫೈಲ್ ಯಾರು ಕಳಿಸಿದರೂ ತೆರೆಯಬೇಡಿ.

ಎಲ್ಲವನ್ನೂ ಒಂದೇ ದಿನ ಬದಲಿಸಬೇಕಿಲ್ಲ. ಈ ಭಾನುವಾರ ಸೆಟ್ಟಿಂಗ್ಸ್ ತೆರೆದು, ಬೇಡದ ಅನುಮತಿಗಳನ್ನು ಹಿಂಪಡೆಯಿರಿ. ಮನೆಯವರ ಫೋನಿನಲ್ಲೂ ಮಾಡಿಕೊಡಿ.