ಶುದ್ಧಿಯ ಗುರುತು ಯಾವುದು?

ಗೋದಾವರಿಯು ನಾಸಿಕದಲ್ಲಿಯೂ, ಅಲ್ಲಿಂದ ಕೆಳಗೆ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿಯೂ ಸಹಸ್ರಾರು ಜನರ ಮೈ ತೊಳೆಯುತ್ತದೆ. ಮನಸ್ಸು ಶುದ್ಧವಾಯಿತೆಂದು ತಿಳಿಯುವುದು ಹೇಗೆ? ಕ್ರೈಸ್ತ ಮತವು ಕೊಡುವ ಉತ್ತರವನ್ನು ಈ ಪಾಠದಲ್ಲಿ ನೋಡೋಣ.

ಕ್ರೈಸ್ತರಲ್ಲಿ ದೀಕ್ಷಾಸ್ನಾನವುಂಟು. ಆದರೆ ನೀರು ಸಂಸ್ಕಾರದ ಗುರುತು. ಅಂತರಂಗ ಶುದ್ಧವಾದುದಕ್ಕೆ ಬದಲಾದ ನಡತೆಯೇ ಗುರುತು. ಲೂಕನ ಸುವಾರ್ತೆಯಲ್ಲಿ ಬರುವ ಜಕ್ಕಾಯನು ಸುಂಕದವರ ಮುಖ್ಯಸ್ಥ. ಯೇಸು ಮನೆಗೆ ಬಂದ ದಿನ ಅವನು ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದನು. ಅನ್ಯಾಯವಾಗಿ ಪಡೆದುದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ಅವನ ನಂಬಿಕೆ ಲೆಕ್ಕದ ಪುಸ್ತಕದಲ್ಲಿಯೇ ಕಾಣಿಸಿತು.

ನಮಗೆ ಸಮೀಪದ ಉದಾಹರಣೆ ಲಕ್ಷ್ಮೀಬಾಯಿ ಟಿಳಕರದು (1868–1936). ಅವರ ತವರು ನಾಸಿಕದ ಬಳಿಯ ಜಲಾಲಪುರ. ತಂದೆಯ ಮಡಿ ಎಷ್ಟೆಂದರೆ, ಪೇಟೆಯಿಂದ ತಂದ ಉಪ್ಪನ್ನೂ ತೊಳೆಯಬೇಕಾಗಿತ್ತು. 1895ರಲ್ಲಿ ಅವರ ಪತಿ, ಕವಿ ನಾರಾಯಣ ವಾಮನ ಟಿಳಕರು, ಕ್ರೈಸ್ತರಾದರು. ಲಕ್ಷ್ಮೀಬಾಯಿಯವರು ಕೆಲವು ವರ್ಷ ಅಗಲಿದ್ದರು. ಮರಳಿ ಬಂದ ಮೇಲೂ ಮಡಿ ಬಿಡಲಿಲ್ಲ. ಕಡೆಗೆ, ಜಾತಿಯನ್ನು ಮಾಡಿದವನು ದೇವರಲ್ಲ, ಮನುಷ್ಯನೆಂದು ತಾವೇ ವಿಚಾರಮಾಡಿ, ಎಲ್ಲರ ಕೈಯ ಅನ್ನನೀರನ್ನು ಸ್ವೀಕರಿಸಿದರು. 1900ರಲ್ಲಿ ದೀಕ್ಷಾಸ್ನಾನ ಪಡೆದದ್ದು ಅದಾದ ಮೇಲೆ. ಇದನ್ನೆಲ್ಲ ‘ಸ್ಮೃತಿಚಿತ್ರೆ’ ಎಂಬ ಮರಾಠಿ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಾವು ಒಂದೇ ಕೋಣೆಯಲ್ಲಿ ಹಲವು ಜಾತಿಮತಗಳವರು ಇರುತ್ತೇವೆ. ನಮ್ಮ ಮತ ಯಾವುದೇ ಇರಲಿ, ಕೋಣೆಯ ನೀರಿನ ಕೊಡವನ್ನು ಎಲ್ಲರೂ ಮುಟ್ಟಬಹುದೇ? ಗೆಳೆಯನಿಂದ ತಂದ ಕೈಸಾಲ ಹಿಂದಿರುಗಿತೇ? ನಮ್ಮ ಶುದ್ಧಿಯನ್ನು ಮೊದಲು ಅಲ್ಲಿ ನೋಡಿಕೊಳ್ಳೋಣ.