ಕಾರಿನ ಕೀಲಿಕೈ ಈಗ ಫೋನಿನಲ್ಲಿದೆ: ಏಳು ಸೂತ್ರಗಳು

ಮೋಟೆಬೆನ್ನೂರಿನ ಪಕ್ಕದ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಈಗ ಹಸಿರು ನಂಬರ್ ಪ್ಲೇಟಿನ ವಿದ್ಯುತ್ ಕಾರುಗಳೂ ಓಡುತ್ತಿವೆ. ಇಂಥ ಬಹಳಷ್ಟು ಕಾರುಗಳ ಹೊಟ್ಟೆಯೊಳಗೆ ಒಂದು ಸಿಮ್ ಇರುತ್ತದೆ. ಕಾರು ಅದರ ಮೂಲಕ ಕಂಪನಿಯ ಸರ್ವರ್ ಜೊತೆ ಮಾತಾಡುತ್ತದೆ, ಸರ್ವರ್ ನಿಮ್ಮ ಫೋನಿನ ಆ್ಯಪ್ ಜೊತೆ. ಕಾರಿನೊಳಗಿನ ಭದ್ರತೆ ಕಂಪನಿಯ ಹೊಣೆ. ಫೋನು, ಖಾತೆ, ಪಾಸ್‌ವರ್ಡ್ ನಮ್ಮವು. ಕಳ್ಳ ಮೊದಲು ತಡವುವುದೂ ಅವನ್ನೇ.

1. ಮೊದಲು ಫೋನನ್ನು ಕಾಯಿರಿ. ‘ನಿಮ್ಮ ಗಾಡಿಗೆ ದಂಡ ಬಿದ್ದಿದೆ, ಚಲನ್ ನೋಡಿ’ ಎಂದು ವಾಟ್ಸ್ಆ್ಯಪಿನಲ್ಲಿ ಬರುವ ಎಪಿಕೆ ಫೈಲನ್ನು ಒತ್ತಲೇಬೇಡಿ. ಅದು ಒಳಹೊಕ್ಕರೆ ಒಟಿಪಿ ಓದುತ್ತದೆ. ಬ್ಯಾಂಕಿನ ದುಡ್ಡಿನ ಜೊತೆ ಕಾರಿನ ಖಾತೆಯೂ ಕೈತಪ್ಪೀತು. ಕಾರಿನ ಆ್ಯಪಿಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ.

2. ಅಪ್‌ಡೇಟ್ ಮುಂದೂಡಬೇಡಿ. 2015ರಲ್ಲಿ ಅಮೆರಿಕದ ಚಾರ್ಲಿ ಮಿಲ್ಲರ್, ಕ್ರಿಸ್ ವಾಲಸೆಕ್ ಎಂಬ ಇಬ್ಬರು ಸಂಶೋಧಕರು ಮನೆಯಲ್ಲಿ ಕೂತು, ಹೆದ್ದಾರಿಯಲ್ಲಿ ಓಡುತ್ತಿದ್ದ ಜೀಪ್ ಚೆರೋಕಿಯ ವೇಗ ಕುಂದಿಸಿ ತೋರಿಸಿದರು. ಒಳಗಿದ್ದವನು ಒಪ್ಪಿಯೇ ಕೂತಿದ್ದ ವರದಿಗಾರ. ಆದರೂ ಅವನ ಎದೆ ಝಲ್ಲೆಂದಿತ್ತು. ಅದು ಪೆಟ್ರೋಲಿನ ಕಾರು, ದಾರಿ ಮಾಡಿಕೊಟ್ಟಿದ್ದು ಅದರ ಇಂಟರ್ನೆಟ್ ಸಂಪರ್ಕ. ಕಂಪನಿ 14 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಯಬೇಕಾಯಿತು, ದೋಷ ಸರಿಪಡಿಸುವ ಸಾಫ್ಟ್‌ವೇರನ್ನು ಪೆನ್‌ಡ್ರೈವಿನಲ್ಲಿ ಅಂಚೆಗೆ ಹಾಕಿತು. ಇಂದು ಅಂಥ ತಿದ್ದುಪಡಿ ಗಾಳಿಯಲ್ಲೇ ಬರುತ್ತದೆ, ನಾವು ಒಪ್ಪಿಗೆ ಕೊಟ್ಟರಾಯಿತು. ಆದರೆ ಅದು ಮುಗಿಯುವವರೆಗೆ ಕಾರು ಕದಲುವುದಿಲ್ಲ. ಬ್ಯಾಡಗಿ ಮಾರುಕಟ್ಟೆಗೆ ಹೊರಟ ಬೆಳಿಗ್ಗೆ ಬೇಡ. ರಾತ್ರಿ, ಮನೆ ಮುಂದೆ, ಬ್ಯಾಟರಿಯಲ್ಲಿ ಸಾಕಷ್ಟು ಚಾರ್ಜ್ ಇರುವಾಗ ಮಾಡಿ.

3. ಕಂಡವರ ಆ್ಯಪಿಗೆ ಕಾರಿನ ಖಾತೆ ಜೋಡಿಸಬೇಡಿ. 2022ರಲ್ಲಿ ಜರ್ಮನಿಯ 19 ವರ್ಷದ ಡೇವಿಡ್ ಕೊಲಂಬೊ 13 ದೇಶಗಳ 25ಕ್ಕೂ ಹೆಚ್ಚು ಟೆಸ್ಲಾಗಳ ಬಾಗಿಲು ತೆರೆಯಬಲ್ಲವನಾಗಿದ್ದ. ದೋಷ ಕಾರಿನಲ್ಲಿರಲಿಲ್ಲ, ಮಾಲೀಕರು ಓಡಾಟದ ಲೆಕ್ಕ ಇಡಲು ಹಾಕಿಕೊಂಡಿದ್ದ ಹೊರಗಿನ ತಂತ್ರಾಂಶದಲ್ಲಿತ್ತು. ಆ ಹುಡುಗ ಒಳ್ಳೆಯವನು, ತಾನೇ ಎಚ್ಚರಿಸಿದ. ಸ್ಟೇರಿಂಗ್ ಕೆಳಗಿನ ಕಿಂಡಿಗೆ ಚುಚ್ಚುವ ಅಗ್ಗದ ಬ್ಲೂಟೂತ್ ಸಾಧನಗಳಿಗೂ ಇದೇ ಮಾತು.

4. ಚಾರ್ಜಿಂಗ್ ಕಂಬದ ಕ್ಯೂಆರ್ ಮೇಲೆ ಉಗುರು ಆಡಿಸಿ ನೋಡಿ. ಅಸಲಿಯ ಮೇಲೆ ನಕಲಿ ಸ್ಟಿಕ್ಕರ್ ಅಂಟಿಸುವ ಮೋಸ ಯುರೋಪಿನಲ್ಲಿ ನಡೆದಿದೆ. ಆ್ಯಪ್ ತೆರೆದು ಅದರೊಳಗಿಂದಲೇ ಹಣ ಕಟ್ಟುವುದು ಲೇಸು. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

5. ಕಾರು ತೆರೆಯುವ ಕಾರ್ಡೋ ಕೀಲಿಕೈಯೋ ಜೇಬಿನಲ್ಲಿರಲಿ. 2021ರ ನವೆಂಬರಿನಲ್ಲಿ ಟೆಸ್ಲಾ ಸರ್ವರ್ ಕೈಕೊಟ್ಟಾಗ, ಫೋನನ್ನೇ ನಂಬಿದ್ದ ಎಷ್ಟೋ ಮಂದಿ ಸ್ವಂತ ಕಾರಿನ ಹೊರಗೆ ನಿಂತಿದ್ದರು.

6. ಎಲ್ಲಿ ಹೋದಿರಿ, ಯಾವಾಗ ಹೋದಿರಿ ಎಂಬುದೂ ಸೊತ್ತೇ. 2024ರ ಡಿಸೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಸಮೂಹದ ಸುಮಾರು 8 ಲಕ್ಷ ವಿದ್ಯುತ್ ಕಾರುಗಳ ಮಾಹಿತಿ ಸರಿಯಾದ ರಕ್ಷಣೆಯಿಲ್ಲದೆ ಬಿದ್ದಿದ್ದು ಬಯಲಾಯಿತು. ಅವುಗಳಲ್ಲಿ ಸುಮಾರು 4.6 ಲಕ್ಷ ಕಾರುಗಳು ಎಲ್ಲಿ ನಿಂತಿದ್ದವೆಂಬುದೂ ತಿಳಿಯುವಂತಿತ್ತು. ಮೆಣಸಿನಕಾಯಿ ಮಾರಿ ನಗದು ಹಿಡಿದು ಮರಳುವವರಿಗೆ ಇದು ಸಣ್ಣ ವಿಷಯವಲ್ಲ. ಸೆಟ್ಟಿಂಗ್ಸ್‌ನಲ್ಲಿ ಬೇಡದ ಲೊಕೇಶನ್ ಅನುಮತಿಗಳನ್ನು ಕಿತ್ತುಹಾಕಿ.

7. ಕಾರು ಮಾರುವಾಗ ಆರ್‌ಸಿ ವರ್ಗಾಯಿಸಿದರೆ ಸಾಲದು. ಪರದೆಯಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ, ಆ್ಯಪಿನಿಂದಲೂ ಕಾರನ್ನು ತೆಗೆಯಿರಿ. ಕೊಳ್ಳುವವರು ಹಳೆಯ ಮಾಲೀಕರ ಎದುರೇ ಇದನ್ನು ಮಾಡಿಸಿಕೊಂಡು, ಆಮೇಲೆ ಬಾಕಿ ಹಣ ಕೊಡಲಿ.