ಟ್ರೇಲರ್ ಕೊಂಡಿ: ಭಾರ ಎಲ್ಲಿ ಕೂರಬೇಕು?

ಅಮೆರಿಕದಲ್ಲಿರುವ ಮಗನೋ ಅಳಿಯನೋ ಕಳುಹಿಸಿದ ವಿಡಿಯೊದಲ್ಲಿ ನಮ್ಮ ಕಡೆಯ ಹಲವರು ಇದನ್ನು ನೋಡಿರುತ್ತಾರೆ. ದೊಡ್ಡ ಪಿಕಪ್‌ನ ಹಿಂದಿನ ತೊಟ್ಟಿಯ ನಡುವೆ ಒಂದು ಕಬ್ಬಿಣದ ಗುಂಡು, ಅದರ ಮೇಲೆ ಹಂಸದ ಕತ್ತಿನಂತೆ ಬಾಗಿ ಬಂದು ಕೂತ ಟ್ರೇಲರಿನ ಮೂತಿ. ಗೂಸ್‌ನೆಕ್ ಎಂದು ಅದರ ಹೆಸರು. ಅಲ್ಲಿನ ರೈತರು ದನ, ಹುಲ್ಲಿನ ಕಟ್ಟು, ಟ್ರ್ಯಾಕ್ಟರ್ ಎಲ್ಲವನ್ನೂ ಹೀಗೇ ಸಾಗಿಸುತ್ತಾರೆ. ನಮ್ಮ ಬೊಲೆರೊ ಪಿಕಪ್‌ಗೂ ಇಂಥದ್ದನ್ನು ವೆಲ್ಡಿಂಗ್ ಮಾಡಿಸಬಹುದೇ ಎಂದು ಕೇಳುವವರಿದ್ದಾರೆ. ಬೇಡ. ನಮ್ಮ ಪಿಕಪ್‌ನ ಚಾಸಿ ತನ್ನ ತೊಟ್ಟಿಯ ಒಂದೂವರೆ ಟನ್ನಿನ ಆಸುಪಾಸಿನ ಹೊರೆಗೆ ಮಾಡಿದ್ದು, ಹಿಂದೆ ಟನ್ನುಗಟ್ಟಲೆ ಎಳೆಯಲು ಅಲ್ಲ.

ಆದರೆ ಆ ಕೊಂಡಿಯ ಹಿಂದಿರುವ ಲೆಕ್ಕ ಉಡುಪಿ, ಕಾಪು, ಕಾರ್ಕಳದ ಪ್ರತಿ ಟ್ರ್ಯಾಕ್ಟರ್ ಮತ್ತು ಟಿಲ್ಲರ್ ಮಾಲೀಕರಿಗೂ ಬೇಕು. ಗೂಸ್‌ನೆಕ್‌ನ ಗುಂಡು ಹಿಂದಿನ ಆಕ್ಸೆಲ್‌ನ ನೇರ ಮೇಲೆ ಅಥವಾ ತುಸು ಮುಂದೆ ಇರುತ್ತದೆ. ಹಾಗಾಗಿ ಟ್ರೇಲರಿನ ತೂಕದಲ್ಲಿ ನೂರಕ್ಕೆ 15ರಿಂದ 25ರಷ್ಟು ಅದರ ಮೇಲೆ ಕೂತರೂ ಗಾಡಿಯ ಮುಂದಿನ ಚಕ್ರ ಹಗುರಾಗುವುದಿಲ್ಲ. ನಮ್ಮ ಟ್ರ್ಯಾಕ್ಟರಿನ ಕೊಂಡಿ ಇರುವುದು ಆಕ್ಸೆಲ್‌ನ ಹಿಂದೆ. ಕೊಂಡಿ ಆಕ್ಸೆಲ್‌ಗಿಂತ 70 ಸೆಂಟಿಮೀಟರ್ ಹಿಂದಿದೆ, ಮುಂದಿನ ಹಿಂದಿನ ಚಕ್ರಗಳ ನಡುವೆ 2 ಮೀಟರ್ ಅಂತರವಿದೆ ಎಂದುಕೊಳ್ಳಿ. ಕೊಂಡಿಯ ಮೇಲೆ 400 ಕಿಲೊ ಕೂತರೆ ಮುಂದಿನ ಚಕ್ರಗಳ ಮೇಲಿನ ಭಾರ 140 ಕಿಲೊ ಕಡಿಮೆಯಾಗುತ್ತದೆ. ಸಮತಟ್ಟಿನಲ್ಲಿ ಇದು ಗೊತ್ತಾಗದು. ಬೈಲುಗದ್ದೆಯಿಂದ ಮನೆಯಂಗಳಕ್ಕೆ ಏರುವ ಕಡಿದಾದ ಮಣ್ಣಿನ ದಾರಿಯಲ್ಲಿ ಸ್ಟೇರಿಂಗ್ ತಿರುಗಿಸಿದರೂ ಟ್ರ್ಯಾಕ್ಟರ್ ನೇರ ಹೋಗುವುದು ಇದೇ ಕಾರಣಕ್ಕೆ.

ಎತ್ತಿನ ಗಾಡಿ ಹೊಡೆದ ಹಿರಿಯರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಕುತ್ತಿಗೆಯನ್ನು ಎತ್ತುತ್ತದೆ. ಎರಡು ಚಕ್ರದ ಟ್ರೇಲರಿಗೂ ಅದೇ ನ್ಯಾಯ. ಕೊಂಡಿಯಿಂದ ಟ್ರೇಲರಿನ ಆಕ್ಸೆಲ್‌ಗೆ 3 ಮೀಟರ್ ಇದ್ದು, 2,000 ಕಿಲೊ ಹೊರೆಯ ನಡುಭಾಗ ಆಕ್ಸೆಲ್‌ಗಿಂತ 30 ಸೆಂಟಿಮೀಟರ್ ಮುಂದಿದ್ದರೆ ಕೊಂಡಿಯ ಮೇಲೆ 200 ಕಿಲೊ ಬೀಳುತ್ತದೆ. ಅದೇ ಹೊರೆಯ ನಡುಭಾಗ ಆಕ್ಸೆಲ್‌ಗಿಂತ 30 ಸೆಂಟಿಮೀಟರ್ ಹಿಂದಕ್ಕೆ ಜಾರಿದರೆ ಟ್ರೇಲರ್ ಕೊಂಡಿಯನ್ನು 200 ಕಿಲೊ ಬಲದಿಂದ ಮೇಲಕ್ಕೆ ಎತ್ತುತ್ತದೆ. ಆಗ ಟ್ರ್ಯಾಕ್ಟರಿನ ಹಿಂದಿನ ಚಕ್ರದ ಹಿಡಿತ ಕಡಿಮೆಯಾಗುತ್ತದೆ, ಟ್ರೇಲರ್ ಅಕ್ಕಪಕ್ಕ ತೂಗಾಡುತ್ತದೆ. ಹೊರೆಯ ಹತ್ತರಲ್ಲಿ ಒಂದು ಪಾಲು ಕೊಂಡಿಯ ಮೇಲೆ ಇರುವಂತೆ ಚೀಲ ಜೋಡಿಸಿದರೆ ಸಾಕು. ನಾಲ್ಕು ಚಕ್ರದ ಟ್ರೇಲರ್ ಕೊಂಡಿಯ ಮೇಲೆ ಭಾರ ಹಾಕುವುದಿಲ್ಲ, ಆದರೆ ಇಕ್ಕಟ್ಟಾದ ಗದ್ದೆಬದಿಯಲ್ಲಿ ಅದನ್ನು ಹಿಂದಕ್ಕೆ ತೆಗೆಯುವುದು ಬಹಳ ಕಷ್ಟ. ನಮ್ಮ ಸಣ್ಣ ಹಿಡುವಳಿಗೆ ಎರಡು ಚಕ್ರದ್ದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಕೊಂಡಿ ಆರಿಸುವ ಮೊದಲು ಹೊರೆಯ ಅಂದಾಜು ಬೇಕು. ತೊಟ್ಟಿ ಒಂದೇ, ತೂಕ ಒಂದೇ ಅಲ್ಲ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿ ತುಂಬ ಒಣ ಭತ್ತ ಸುರಿದರೆ ಸುಮಾರು 2 ಟನ್. ಹಸಿ ಹಟ್ಟಿಗೊಬ್ಬರವಾದರೆ ಎರಡೂವರೆಯಿಂದ ಮೂರು. ಒದ್ದೆ ಮಣ್ಣು ತುಂಬಿದರೆ 5 ಟನ್ನನ್ನೂ ದಾಟುತ್ತದೆ. ಬೈಹುಲ್ಲು ಒಯ್ದ ಕೊಂಡಿಯೇ ಕೆಂಪುಕಲ್ಲಿಗೂ ಆದೀತು ಎಂದು ನಂಬಿದರೆ ಮೋಸಹೋಗುತ್ತೇವೆ. ಹತ್ತು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ 3 ಟನ್ ಟ್ರೇಲರ್ ಬರೀ ಇಳಿಜಾರಿನಿಂದಲೇ ಕೊಂಡಿಯ ಪಿನ್ನನ್ನು 300 ಕಿಲೊ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಕ್ಲಚ್ ಥಟ್ಟನೆ ಬಿಟ್ಟಾಗಿನ ಜಗ್ಗಾಟ ಬೇರೆ.

ಟ್ರ್ಯಾಕ್ಟರಿನಲ್ಲಿ ಟ್ರೇಲರಿಗೆ ಸರಿಯಾದ ಜಾಗ ಹಿಂಬದಿಯ ಗಟ್ಟಿ ಕೊಂಡಿ. ಅದು ಹಿಂದಿನ ಆಕ್ಸೆಲ್‌ನ ಮಟ್ಟಕ್ಕಿಂತ ಕೆಳಗೇ ಇರಬೇಕು. ನೇಗಿಲು, ರೋಟವೇಟರ್ ಕಟ್ಟುವ ಮೇಲಿನ ಲಿಂಕಿನ ಜಾಗಕ್ಕೆ ಸರಪಳಿ ಕಟ್ಟಿ ಏನನ್ನೂ ಎಳೆಯಬೇಡಿ, ಮರದ ದಿಮ್ಮಿಯನ್ನೂ ಸಹ. ಎಳೆತ ಆಕ್ಸೆಲ್‌ಗಿಂತ ಮೇಲಾದರೆ ಮುಂದಿನ ಚಕ್ರ ಏಳುತ್ತದೆ, ಟ್ರ್ಯಾಕ್ಟರ್ ಹಿಮ್ಮುಖವಾಗಿ ಚಾಲಕನ ಮೇಲೆಯೇ ಮಗುಚುತ್ತದೆ. ಕ್ಲಚ್ ಒತ್ತಲು ಸಮಯ ಸಿಗುವುದಿಲ್ಲ. ಕೆಳಗಿನ ಎರಡು ತೋಳುಗಳ ನಡುವಿನ ತೂತುಪಟ್ಟಿ ಗದ್ದೆಯೊಳಗಿನ ಹಗುರ ಕೆಲಸಕ್ಕೆ ಸರಿ, ರಸ್ತೆಯ ಹೊರೆಗೆ ಅಲ್ಲ.

ಈಗ ಟಿಲ್ಲರ್. 13 ಅಶ್ವಶಕ್ತಿಯ ಟಿಲ್ಲರಿಗೆ ಟ್ರೇಲರ್ ಕಟ್ಟಿ ಕಾರ್ಕಳದ ಗುಡ್ಡದ ದಾರಿಯಲ್ಲಿ ಇಳಿಯುವವರು ಇದನ್ನು ಮನಸ್ಸಿಟ್ಟು ಓದಬೇಕು. ಸಮತಟ್ಟಿನಲ್ಲಿ ಎಡಗೈ ಕ್ಲಚ್ ಹಿಡಿದರೆ ಎಡಚಕ್ರದ ಶಕ್ತಿ ನಿಂತು ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಟ್ರೇಲರ್ ಹಿಂದಿನಿಂದ ದೂಡುವಾಗ ಇಂಜಿನ್ನು ಎರಡೂ ಚಕ್ರಗಳನ್ನು ತಡೆಯುತ್ತಿರುತ್ತದೆ. ಆಗ ಎಡ ಕ್ಲಚ್ ಹಿಡಿದರೆ ಎಡಚಕ್ರ ಬಿಡುಗಡೆಯಾಗಿ ಮುಂದಕ್ಕೆ ಓಡುತ್ತದೆ, ಟಿಲ್ಲರ್ ಬಲಕ್ಕೆ ತಿರುಗುತ್ತದೆ. ಹೊಸಬರು ಚರಂಡಿಗೆ ಇಳಿಯುವುದು ಹೀಗೆಯೇ. ಇಳಿಯುವಾಗ ಕೈ ಕ್ಲಚ್ ಮುಟ್ಟದೆ ಹಿಡಿಯನ್ನೇ ಮೆಲ್ಲನೆ ಹೊರಳಿಸಿ. ತಗ್ಗಿನ ಗೇರಿನಲ್ಲೇ ಇಳಿಯಲು ಆರಂಭಿಸಿ, ನಡುವೆ ನ್ಯೂಟ್ರಲ್ ಮಾಡಬೇಡಿ. ಟ್ರೇಲರಿನ ಕಾಲುಬ್ರೇಕ್ ಮೊದಲೇ ಒತ್ತುತ್ತ ಬನ್ನಿ. ಬ್ರೇಕ್ ಕೆಲಸ ಮಾಡದ ಟ್ರೇಲರನ್ನು ಟಿಲ್ಲರಿಗೆ ಕಟ್ಟಲೇಬಾರದು. ಟ್ರ್ಯಾಕ್ಟರಿನವರು ರಸ್ತೆಗೆ ಬರುವ ಮೊದಲು ಎರಡು ಬ್ರೇಕ್ ಪೆಡಲ್‌ಗಳನ್ನು ಕೂಡಿಸುವ ಚಿಲಕ ಹಾಕಿಕೊಳ್ಳಬೇಕು.

ಪಿನ್ನಿನ ವಿಷಯದಲ್ಲಿ ಮಾತ್ರ ನನಗೆ ತಾಳ್ಮೆ ಇಲ್ಲ. ಸೆಂಟ್ರಿಂಗ್ ಸರಳಿನ ತುಂಡು, ತುದಿಯಲ್ಲಿ ಮೊಳೆ ಅಥವಾ ತಂತಿ: ಇದು ಎಷ್ಟೋ ಅಂಗಳಗಳಲ್ಲಿ ಕಾಣುತ್ತದೆ. ತೂತಿಗೆ ಸರಿಹೊಂದುವ, ತಲೆಯಿರುವ ಗಟ್ಟಿ ಉಕ್ಕಿನ ಪಿನ್ನು, ಅದಕ್ಕೆ ಬೀಗದಂತೆ ಕೂರುವ ಕ್ಲಿಪ್, ಜತೆಗೆ ಪಿನ್ನು ಮುರಿದರೂ ಟ್ರೇಲರ್ ಬಿಟ್ಟುಹೋಗದಂತೆ ಒಂದು ಸರಪಳಿ, ಈ ಮೂರೂ ಬೇಕು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾಪು, ಕಟಪಾಡಿ ಹಾದು ಹೋಗುವವರಿಗೆ ಹಿಂದೆ ಪ್ರತಿಫಲಿಸುವ ಪಟ್ಟಿ ಇಲ್ಲದೆ ಸಂಜೆ ರಸ್ತೆಗಿಳಿಯುವ ಹಕ್ಕಿಲ್ಲ ಎಂದೇ ನಾನು ಹೇಳುತ್ತೇನೆ. ಟ್ರೇಲರಿಗೂ ನೋಂದಣಿ, ವಿಮೆ ಮಾಡಿಸಿ. ಕೆಲಸದವರನ್ನು ಹೊರೆಯ ಮೇಲೆ ಕೂರಿಸಬೇಡಿ.

ಕಡಲತೀರದವರಿಗೆ ಇನ್ನೊಂದು ಕಷ್ಟವಿದೆ. ಉಪ್ಪುಗಾಳಿಗೆ ಬಣ್ಣದ ಅಡಿಯಲ್ಲೇ ತುಕ್ಕು ಹಿಡಿದು ವೆಲ್ಡಿಂಗ್ ಬಿರಿಯುತ್ತದೆ. ಒಳನಾಡಿನಲ್ಲಿ ಕೆಂಪುಮಣ್ಣಿನ ಧೂಳು ಹಳೆಯ ಗ್ರೀಸಿನೊಂದಿಗೆ ಬೆರೆತು ಅರದಂತೆ ಉಕ್ಕನ್ನು ಸವೆಸುತ್ತದೆ. ಹಳೆಯ ಗ್ರೀಸ್ ಒರೆಸಿ ತೆಗೆಯದೆ ಹೊಸದನ್ನು ಮೆತ್ತಿದರೆ ಪ್ರಯೋಜನವಿಲ್ಲ. ದುಂಡಗಿನ ತೂತು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ವೆಲ್ಡಿಂಗ್ ತುಂಬಿಸಿ ಕೆಲಸ ಸಾಗಿಸಬೇಡಿ, ಕೊಂಡಿಯನ್ನೇ ಬದಲಾಯಿಸಿ. ಸಂದೇಹವಿದ್ದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ವರ್ಷಕ್ಕೆ ನಾಲ್ಕೇ ದಿನ ಹೊರೆ ಸಾಗಿಸುವವರು ಸ್ವಂತ ಟ್ರೇಲರ್ ಕೊಳ್ಳುವ ಬದಲು ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರದಿಂದ ತರುವುದೇ ಲಾಭ. ಬಾಡಿಗೆಯ ಟ್ರೇಲರಾದರೂ ಪಿನ್ನನ್ನು ನೀವೇ ನೋಡಿ.

ಏಣೆಲು ಭತ್ತದ ಕೊಯ್ಲಿನ ಮೊದಲ ಹೊರೆ ಹೇರುವ ಮುನ್ನ ಪಿನ್ನನ್ನು ಹೊರತೆಗೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ. ನಡುವೆ ಬೆರಳಿಗೆ ತಾಗುವಷ್ಟು ಸವಕಲು ಕಂಡರೆ ಅಂದೇ ಹೊಸದನ್ನು ಹಾಕಿಸಿ.